ಎಸ್‌ಪಿಆರ್ ಟಿಪ್ಪಣಿ: ಚಿನ್ನದ ಪದರಕ್ಕೆ ನಿಜವಾಗಿ ತಿಳಿಯುವುದೇನು?

ಮೇಲ್ಮೈ ಪ್ಲಾಸ್ಮಾನ್ ಅನುರಣನವನ್ನು (ಎಸ್‌ಪಿಆರ್: ಚಿನ್ನದ ಪದರಕ್ಕೆ ಅಣುಗಳು ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ) ಓದುವಾಗ ನಮ್ಮಲ್ಲಿ ಬಹಳ ಮಂದಿ ಎಡವುವುದು ಒಂದೇ ಕಡೆ: ಚಿನ್ನದ ಪದರವೇ ಪ್ರೋಟೀನನ್ನು ಗುರುತಿಸುತ್ತದೆ ಎಂದುಕೊಳ್ಳುತ್ತೇವೆ. ಚಿನ್ನಕ್ಕೆ ಪ್ರೋಟೀನೂ ಸಕ್ಕರೆ ನೀರೂ ಬೇರೆಯಲ್ಲ. ತನಗೆ ತಾಗಿಕೊಂಡಿರುವುದರ ವಕ್ರೀಭವನ ಸೂಚ್ಯಂಕವಷ್ಟೇ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಅದಕ್ಕೆ ತಿಳಿಯುತ್ತದೆ. ಆಯ್ದು ಹಿಡಿಯುವ ಕೆಲಸ ಅದರ ಮೇಲೆ ನಾವು ಕೂರಿಸಿದ ಪ್ರತಿಕಾಯದ್ದು, ಅಂದರೆ ಒಂದು ನಿರ್ದಿಷ್ಟ ಅಣುವನ್ನಷ್ಟೇ ಹಿಡಿಯುವ ಪ್ರೋಟೀನಿನದ್ದು.

ಜೋಡಣೆ ಸರಳ. ಗಾಜಿನ ಪ್ರಿಸಂ, ಅದರ ತಳದಲ್ಲಿ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನ, ಚಿನ್ನದ ಆಚೆ ಹರಿಯುವ ದ್ರಾವಣ. ಭೌತವಿಜ್ಞಾನಿಗಳಾದ ಕ್ರೆಚ್‌ಮನ್ ಮತ್ತು ರೇಥರ್ 1968ರಲ್ಲಿ ಇದನ್ನು ತೋರಿಸಿದರು. ಗಾಜಿನ ಕಡೆಯಿಂದ ಬೀಳುವ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಹಿಂದಿರುಗಬೇಕಷ್ಟೆ? ಒಂದು ಕೋನದಲ್ಲಿ ಮಾತ್ರ ಹಾಗಾಗುವುದಿಲ್ಲ. ಪ್ರತಿಫಲಿತ ಬೆಳಕು ಬಹುತೇಕ ಮಾಯವಾಗುತ್ತದೆ. ಅದು ದ್ರಾವಣಕ್ಕೆ ಸೋರಿಹೋಗಿಲ್ಲ. ಅದರ ಶಕ್ತಿ ಚಿನ್ನದ ಎಲೆಕ್ಟ್ರಾನ್‌ಗಳ ಸಾಮೂಹಿಕ ಕಂಪನಕ್ಕೆ ಸೇರಿ, ಕೊನೆಗೆ ಲೋಹದಲ್ಲೇ ಶಾಖವಾಗುತ್ತದೆ. 633 ನ್ಯಾನೋಮೀಟರ್‌ನ ಕೆಂಪು ಲೇಸರ್ ಮತ್ತು ಬಿಕೆ7 ಗಾಜು ಬಳಸಿದರೆ, ಚಿನ್ನದಾಚೆ ಗಾಳಿಯಿದ್ದಾಗ ಈ ಕೋನ ಸುಮಾರು 44 ಡಿಗ್ರಿ. ನೀರಿದ್ದಾಗ ಸುಮಾರು 72. ಸೂಚ್ಯಂಕ 1.00ರಿಂದ 1.33ಕ್ಕೆ ಏರಿದ್ದಕ್ಕೆ ಇಷ್ಟು ದೊಡ್ಡ ಜಿಗಿತ! ಸೂತ್ರಕ್ಕಿಂತ ಮೊದಲು ಈ ಎರಡು ಅಂಕಿಗಳನ್ನು ಮನನ ಮಾಡಿಕೊಳ್ಳಿ.

ಎಲೆಕ್ಟ್ರಾನ್ ಕಂಪನದ ವಿದ್ಯುತ್ ಕ್ಷೇತ್ರ ದ್ರಾವಣದೊಳಗೆ ಕೆಲವು ನೂರು ನ್ಯಾನೋಮೀಟರ್‌ಗಳಷ್ಟರಲ್ಲೇ ಕ್ಷೀಣಿಸುತ್ತದೆ. ಆದ್ದರಿಂದಲೇ ದೂರದಲ್ಲಿ ತೇಲುವ ಅಣುಗಳ ಗೊಡವೆ ಅದಕ್ಕಿಲ್ಲ. ಮೇಲ್ಮೈಯ ಪ್ರತಿ ಚದರ ಮಿಲಿಮೀಟರಿಗೆ ಒಂದು ನ್ಯಾನೋಗ್ರಾಂ ಪ್ರೋಟೀನ್ ಅಂಟಿದರೆ ಕೋನ ಸುಮಾರು 0.1 ಡಿಗ್ರಿ ಸರಿಯುತ್ತದೆ. ಉಪಕರಣದ ಭಾಷೆಯಲ್ಲಿ ಅದು 1000 ಆರ್‌ಯು (ರೆಸ್ಪಾನ್ಸ್ ಯೂನಿಟ್, ಪ್ರತಿಕ್ರಿಯೆಯ ಏಕಮಾನ).

ಆ ಕೋನದಲ್ಲಿ ಪ್ರತಿಫಲಿತ ಬೆಳಕು ಕುಸಿಯುವ ತಗ್ಗು ಬೆಳ್ಳಿಯಲ್ಲಿ ಇನ್ನೂ ಚೂಪು, ಆದರೆ ಬೆಳ್ಳಿ ಕಪ್ಪಾಗುತ್ತದೆ. ಚಿನ್ನ ಕೆಡುವುದಿಲ್ಲ, ಪ್ರತಿಕಾಯವನ್ನು ಕೂರಿಸಲು ನೆರವಾಗುವ, ಗಂಧಕವಿರುವ ಥಯಾಲ್ ಅಣುಗಳನ್ನು ಭದ್ರವಾಗಿ ಹಿಡಿದಿಡುತ್ತದೆ.

ಈಗ ಕಾಲದೊಂದಿಗೆ ಈ ಕೋನ ಸರಿಯುವುದನ್ನು ತೋರಿಸುವ ನಕ್ಷೆಗೆ ಬರೋಣ. ಪ್ರತಿಜನಕ (ಪ್ರತಿಕಾಯ ಹಿಡಿಯುವ ಅಣು) ಹರಿದಾಗ ಗೆರೆ ಬಾಗುತ್ತ ಏರಿ, ನಿಧಾನವಾಗಿ ಮಟ್ಟಸವಾಗುತ್ತದೆ. ಬರೀ ಬಫರ್ (ಪ್ರತಿಜನಕವಿಲ್ಲದ ಲವಣ ದ್ರಾವಣ) ಹರಿಸಿದಾಗ ನಿಧಾನವಾಗಿ ಇಳಿಯುತ್ತದೆ. ಏರಿಳಿತದ ಈ ವೇಗಗಳಿಂದಲೇ ಬಂಧದ ಬಲವನ್ನು ಲೆಕ್ಕ ಹಾಕುವುದು. ಬಫರಿಗೆ ತುಸು ಗ್ಲಿಸರಾಲ್ ಬೆರೆಸಿ ಹರಿಸಿ ನೋಡಿ: ಗೆರೆ ಗೋಡೆಯಂತೆ ನೆಟ್ಟಗೆ ಏರುತ್ತದೆ, ಬಫರ್ ಮರಳಿದೊಡನೆ ಅಷ್ಟೇ ನೆಟ್ಟಗೆ ಬೀಳುತ್ತದೆ. ಅಲ್ಲಿ ಏನೂ ಅಂಟಿಲ್ಲ, ದ್ರಾವಣದ ಸೂಚ್ಯಂಕ ಮಾತ್ರ ಬದಲಾಗಿದೆ. ಪ್ರತಿಕಾಯವಿಲ್ಲದ ಪಕ್ಕದ ಕಾಲುವೆಯಲ್ಲಿಯೂ ಅದೇ ದ್ರಾವಣ ಹರಿಸಿ, ಅಲ್ಲಿನ ಗೆರೆಯನ್ನು ಇಲ್ಲಿಯದರಿಂದ ಕಳೆಯುವುದು ಇದಕ್ಕಾಗಿಯೇ.