ಮಿರ್ಚಿ ಕರಿದ ಎಣ್ಣೆ ಮತ್ತು ಲಾರಿ ಟ್ಯಾಂಕು

ಹೋದ ಸುಗ್ಗಿಯಲ್ಲಿ ಗಂಗಾವತಿಯಿಂದ ಅಕ್ಕಿ ಹೇರಿಕೊಂಡು ಹೊರಟ ಲಾರಿಯೊಂದು ಊರು ದಾಟುವ ಮೊದಲೇ ನಿಂತಿತು. ನಮ್ಮ ಗ್ಯಾರೇಜಿಗೆ ಎಳೆದು ತಂದರು. ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಅಂಟು. ಡ್ರೈವರ್ ಮೆಲ್ಲಗೆ ಹೇಳಿದ: "ಅಣ್ಣ, ಮಿರ್ಚಿ ಕರಿದ ಎಣ್ಣೆ ಸೋಸಿ ಡೀಸೆಲ್ ಜೊತೆ ಹಾಕಿದ್ವಿ. ಬಯೋಡೀಸೆಲ್ ಅಂದ್ರೆ ಅದೇ ಅಲ್ವಾ?"

ಅಲ್ಲ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ಸಣ್ಣ ತೂತಿನಿಂದ ಅದು ಮಂಜಿನ ಹಾಗೆ ಚಿಮ್ಮುವುದಿಲ್ಲ, ದಪ್ಪ ಹನಿಗಳಾಗಿ ಬೀಳುತ್ತದೆ. ಅರ್ಧಂಬರ್ಧ ಸುಟ್ಟು ಮಸಿ ಕಟ್ಟುತ್ತದೆ. ಅದೇ ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಿದರೆ ಗ್ಲಿಸರಿನ್ ತಳಕ್ಕೆ ಇಳಿದು ತೆಳ್ಳನೆಯ ಇಂಧನ ಮೇಲೆ ನಿಲ್ಲುತ್ತದೆ. ಅದನ್ನು ತೊಳೆದು, ನೀರು ತೆಗೆದು, ಬಯೋಡೀಸೆಲ್‌ಗಿರುವ ಭಾರತೀಯ ಮಾನದಂಡ ಐಎಸ್ 15607 ಪ್ರಕಾರ ಪರೀಕ್ಷೆ ಮಾಡಿದ ಮೇಲೆ ಬಯೋಡೀಸೆಲ್ ಅನ್ನಬಹುದು. ಮೆಥನಾಲ್ ವಿಷ, ಬೆಂಕಿಗೂ ಬೇಗ ಸಿಗುತ್ತದೆ. ದಯವಿಟ್ಟು ಹಿತ್ತಲಲ್ಲಿ ಪ್ರಯೋಗ ಮಾಡಬೇಡಿ.

ಇಷ್ಟು ತಾಪತ್ರಯ ಯಾಕೆ? ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 4 ಕಿಲೋಮೀಟರ್ ಓಡುವ ಲಾರಿ ನೂರು ಕಿಲೋಮೀಟರಿಗೆ ಸುಮಾರು 67 ಕಿಲೋ ಬಿಡುತ್ತದೆ. 25 ಕಿಲೋದ ಅಕ್ಕಿ ಚೀಲದ ಲೆಕ್ಕದಲ್ಲಿ ಎರಡೂವರೆ ಚೀಲಕ್ಕೂ ಜಾಸ್ತಿ! ಬಯೋಡೀಸೆಲ್ ಸುಟ್ಟರೂ ಹೊಗೆ ಬರುತ್ತದೆ. ಆದರೆ ಅದರ ಇಂಗಾಲ ಬಹುಪಾಲು ಎಣ್ಣೆ ಕೊಟ್ಟ ಬೆಳೆ ಈಚೆಗಷ್ಟೇ ಗಾಳಿಯಿಂದ ಹೀರಿದ್ದು. ಡೀಸೆಲ್‌ನದು ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು.

ಬಯೋಡೀಸೆಲ್ ಮಾಡಿದರೆ ಕರಿದ ಎಣ್ಣೆ ಮತ್ತೆ ಬಾಣಲೆಗೆ ಬೀಳುವುದೂ ತಪ್ಪುತ್ತದೆ. ಎಣ್ಣೆ ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶ, ಅಂದರೆ ಪೋಲಾರ್ ಕಾಂಪೌಂಡ್, 25% ದಾಟಿದ ಎಣ್ಣೆಯಲ್ಲಿ ಅಡುಗೆ ಮಾಡಬಾರದು ಎಂಬ ನಿಯಮ 2018ರಿಂದಲೇ ಇದೆ. ಹಾಗಂತ ಊರಿನ ಮಿರ್ಚಿ ಎಣ್ಣೆಯೆಲ್ಲ ಕೂಡಿಸಿದರೂ ನಮ್ಮ ಅಕ್ಕಿ ಲಾರಿಗಳಿಗೆ ಸಾಲುವುದಿಲ್ಲ. ನನ್ನ ಕಣ್ಣು ಭತ್ತದ ಹುಲ್ಲಿನ ಮೇಲಿದೆ. ಗದ್ದೆಯಲ್ಲಿ ಸುಮ್ನೆ ಸುಡುವ ಹುಲ್ಲಿನಿಂದ ಬಯೋಗ್ಯಾಸ್ ತೆಗೆದು, ಶುದ್ಧ ಮಾಡಿ ಒತ್ತಿದರೆ ಸಿಎನ್‌ಜಿ ಲಾರಿ ಓಡುತ್ತದೆ.

ಹಳೆ ಲಾರಿ ಇದ್ದವರು ಬಯೋಡೀಸೆಲ್ ಎಷ್ಟು ಬೆರಸಬಹುದೆಂದು ಮೊದಲು ಗಾಡಿಯ ಕಂಪನಿಯನ್ನೇ ಕೇಳಿ. ಟ್ಯಾಂಕ್ ತೊಳೆಸಿ. ಬಯೋಡೀಸೆಲ್ ತಳದ ಹಳೆ ಕಿಟ್ಟವನ್ನು ಎಬ್ಬಿಸುತ್ತದೆ, ಮೊದಮೊದಲು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಕ್ಯಾಬಿನ್‌ನಲ್ಲಿ ಒಂದು ಹೊಸ ಫಿಲ್ಟರ್ ಇರಲಿ. ಹಳೆ ರಬ್ಬರ್ ಪೈಪು ಊದಿದೆಯಾ ನೋಡಿ. ಬಯೋಡೀಸೆಲ್ ಮಾಮೂಲಿ ಡೀಸೆಲ್‌ಗಿಂತ ಜಾಸ್ತಿ ನೀರು ಹೀರುತ್ತದೆ. ಸುಗ್ಗಿ ಮುಗಿದು ಲಾರಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಉಳಿಸಬೇಡಿ.