ಕರೆಂಟ್ ಕೊಡದೆಯೂ ಓಡಿದ ಚಿಪ್

1985ರ ಏಪ್ರಿಲ್ 26. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಏಕಾರ್ನ್ ಎಂಬ ಸಣ್ಣ ಕಂಪ್ಯೂಟರ್ ಕಂಪನಿಯ ಕೈಗೆ ತನ್ನದೇ ವಿನ್ಯಾಸದ ಮೊದಲ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್, ಬಂದಿತ್ತು. ಹೆಸರು ಆರ್ಮ್. ಅದನ್ನು ರೂಪಿಸಿದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಬೋರ್ಡಿನ ಮೇಲೆ ಕೂರಿಸಿದ್ದೇ ತಡ, ಮೊದಲ ಸಲವೇ ಓಡಿತು. ಎಷ್ಟು ವಿದ್ಯುತ್ ಎಳೆಯುತ್ತಿದೆ ನೋಡೋಣವೆಂದು ಫರ್ಬರ್ ಮೀಟರ್ ಜೋಡಿಸಿದರೆ, ಅದು ಸೊನ್ನೆ ತೋರಿಸಿತು! ಮೀಟರ್ ಕೆಟ್ಟಿರಲಿಲ್ಲ. ಬೋರ್ಡಿನಲ್ಲಿ ದೋಷವಿತ್ತು, ಚಿಪ್‌ಗೆ ವಿದ್ಯುತ್ ಸಂಪರ್ಕವೇ ಆಗಿರಲಿಲ್ಲ. ಸಂಕೇತಗಳನ್ನು ತಂದುಕೊಡುವ ತಂತಿಗಳಿಂದ ಸೋರಿಬಂದ ಚೂರುಪಾರು ಕರೆಂಟಿನಲ್ಲೇ ಅದು ಲೆಕ್ಕ ಮಾಡುತ್ತ ಕೂತಿತ್ತು.

ಇಂದು ನಮ್ಮ ಜೇಬಿನಲ್ಲಿರುವುದು ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಒಳಗಿನ ಪ್ರೊಸೆಸರ್ ಈ ಆರ್ಮ್ ವಂಶದ್ದೇ. ಆದರೆ ಆರ್ಮ್ ಹುಟ್ಟಿದ್ದು ಮೇಜಿನ ಮೇಲಿನ ಕಂಪ್ಯೂಟರಿಗಾಗಿ. ಮೊಬೈಲ್ ಫೋನ್ ಆಗ ಇಟ್ಟಿಗೆಯಂಥ ವಸ್ತು. ಅದರೊಳಗೆ ಕಂಪ್ಯೂಟರ್ ಕೂರಿಸುವ ಯೋಚನೆ ಯಾರಿಗೂ ಇರಲಿಲ್ಲ. ಹಾಗಾದರೆ ಇಷ್ಟೊಂದು ಮಿತವ್ಯಯ ಎಲ್ಲಿಂದ ಬಂತು? ಬಡತನದಿಂದ. ಬಿಸಿಯಾಗುವ ಚಿಪ್‌ಗೆ ಸೆರಾಮಿಕ್ ಕವಚ ಬೇಕು, ಅದು ದುಬಾರಿ. ಏಕಾರ್ನ್‌ಗೆ ಅಗ್ಗದ ಪ್ಲಾಸ್ಟಿಕ್ಕೇ ಗತಿ. ಒಂದು ವ್ಯಾಟ್ ಮೀರಬಾರದೆಂದು ಎಲ್ಲೆಡೆ ಕೈ ಬಿಗಿಹಿಡಿದರು. ಬಿಗಿ ಎಷ್ಟು ಜಾಸ್ತಿಯಾಯಿತೆಂದರೆ ಆ ಮಿತಿಯ ಹತ್ತನೇ ಒಂದು ಪಾಲಿನಲ್ಲೇ ಚಿಪ್‌ನ ಹೊಟ್ಟೆ ತುಂಬಿತು. ದೊಡ್ಡ ಕಂಪನಿಗಳು ತಮ್ಮ ಎಂಜಿನಿಯರುಗಳಿಗೆ ಕೊಡದ ಎರಡು ಅನುಕೂಲಗಳನ್ನು ನಾನು ಕೊಟ್ಟೆ, ಹಣವೂ ಇಲ್ಲ, ಜನರೂ ಇಲ್ಲ ಎಂದು ಏಕಾರ್ನ್‌ನ ಸ್ಥಾಪಕರಲ್ಲೊಬ್ಬರಾದ ಹರ್ಮನ್ ಹೌಸರ್ ಆಮೇಲೆ ನಗೆಯಾಡುತ್ತಿದ್ದರು. 1985ರಲ್ಲೇ ಬಂದ ಇಂಟೆಲ್‌ನ 386 ಚಿಪ್‌ನಲ್ಲಿ 2,75,000 ಟ್ರಾನ್ಸಿಸ್ಟರುಗಳು, ಅಂದರೆ ಪುಟ್ಟ ವಿದ್ಯುತ್ ಸ್ವಿಚ್ಚುಗಳು, ಇದ್ದವು. ಆರ್ಮ್‌ನಲ್ಲಿ ಸುಮಾರು 25,000.

1990ರಲ್ಲಿ ಆಪಲ್ ಮತ್ತು ಚಿಪ್ ತಯಾರಕ ವಿಎಲ್‌ಎಸ್‌ಐ ಜೊತೆ ಸೇರಿ ಏಕಾರ್ನ್ ತನ್ನ ಚಿಪ್ ವಿನ್ಯಾಸದ ವಿಭಾಗವನ್ನು ಆರ್ಮ್ ಎಂಬ ಬೇರೆ ಕಂಪನಿ ಮಾಡಿತು. ಹನ್ನೆರಡು ಎಂಜಿನಿಯರುಗಳು, ಕೇಂಬ್ರಿಡ್ಜ್ ಬಳಿಯ ಹಳ್ಳಿಯೊಂದರಲ್ಲಿ ಹಿಂದೆ ಕಣಜವಾಗಿದ್ದ ಕಟ್ಟಡ. ಕಾರ್ಖಾನೆ ಹಾಕಲು ಕಾಸಿಲ್ಲ. ಹಾಗಾಗಿ ಮನೆ ಕಟ್ಟದೆ ಮನೆಯ ನಕ್ಷೆಯನ್ನಷ್ಟೇ ಮಾರುವವರಂತೆ, ಚಿಪ್‌ನ ವಿನ್ಯಾಸವನ್ನು ಕೇಳಿದವರಿಗೆಲ್ಲ ಪರವಾನಗಿಯ ಮೇಲೆ ಕೊಡತೊಡಗಿದರು. ಕೊಂಡವರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಒಂದು. 1985ರಲ್ಲೇ ಬೆಂಗಳೂರಿಗೆ ಬಂದು ಇಲ್ಲಿನ ಚಿಪ್ ವಿನ್ಯಾಸದ ಕೆಲಸಕ್ಕೆ ನಾಂದಿ ಹಾಡಿದ ಕಂಪನಿಯೇ ಅದು. ಅದರ ಮೂಲಕ ಆರ್ಮ್ ನೋಕಿಯಾ ಫೋನುಗಳನ್ನು ಹೊಕ್ಕಿತು.

2007ರ ಮೊದಲ ಐಫೋನ್‌ನಲ್ಲಿದ್ದದ್ದು ಸ್ಯಾಮ್‌ಸಂಗ್ ತಯಾರಿಸಿದ, 412 ಮೆಗಾಹರ್ಟ್ಸ್ ವೇಗದ ಆರ್ಮ್ ಚಿಪ್. ಆ ಅವಕಾಶ ಇಂಟೆಲ್‌ನ ಬಾಗಿಲಿಗೂ ಬಂದಿತ್ತು. ಆಪಲ್ ಹೇಳಿದ ಬೆಲೆ ಗಿಟ್ಟುವುದಿಲ್ಲವೆಂದು ತಾನೇ ಬಿಟ್ಟುಕೊಟ್ಟೆ ಎಂದು ಅದರ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಒಪ್ಪಿಕೊಂಡರು. ಅದಕ್ಕೂ ಮುನ್ನ, 2006ರಲ್ಲಿ, ಇಂಟೆಲ್ ತನ್ನ ಬಳಿಯಿದ್ದ ಆರ್ಮ್ ಆಧಾರಿತ ಚಿಪ್ ವಿಭಾಗವನ್ನೂ ಮಾರಿಬಿಟ್ಟಿತ್ತು.

ಆಮೇಲೆ ಶುರುವಾದದ್ದು ಅಂಕಿಗಳ ಜಾತ್ರೆ. ಒಂದು ಗಿಗಾಹರ್ಟ್ಸ್ (ಸಾವಿರ ಮೆಗಾಹರ್ಟ್ಸ್), ಎರಡು ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ), ನಾಲ್ಕು, ಎಂಟು. ನಾನೂ ಎಂಟು ಕೋರ್ ಎಂಬ ಆಸೆಗೆ ಬಿದ್ದು ಒಂದು ಫೋನ್ ಕೊಂಡಿದ್ದೆ. ಬೇಸಿಗೆಯ ಮಧ್ಯಾಹ್ನ ಹತ್ತು ನಿಮಿಷ ವಿಡಿಯೊ ತೆಗೆದರೆ ಬೆನ್ನು ಕಾದ ಕಾವಲಿಯಾಗುತ್ತಿತ್ತು, ಪರದೆ ತಾನಾಗಿ ಮಂಕಾಗುತ್ತಿತ್ತು, ಕ್ಯಾಮೆರಾ ಮುಷ್ಕರ ಹೂಡುತ್ತಿತ್ತು. ಫೋನಿಗೆ ಫ್ಯಾನ್ ಇಲ್ಲ. ಬಿಸಿ ಹೋಗಬೇಕಾದದ್ದು ನಮ್ಮ ಅಂಗೈಗೇ. ಕೆಲವೇ ವ್ಯಾಟ್ ದಾಟಿದರೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಗಿಗಾಹರ್ಟ್ಸ್ ಬಹುಪಾಲು ಮದುವೆ ಮನೆಯ ರೇಷ್ಮೆ ಸೀರೆ: ಇರುವುದು ನಿಜ, ದಿನವಿಡೀ ಉಡುವುದಕ್ಕಲ್ಲ.

ಇದಕ್ಕೆ ಆರ್ಮ್ 2011ರಲ್ಲೇ ಒಂದು ಉಪಾಯ ಹೇಳಿತ್ತು: ಎಲ್ಲ ಕೋರ್‌ಗಳೂ ಒಂದೇ ಬಗೆಯವು ಆಗಬೇಕಿಲ್ಲ. ಭಾರ ಎಳೆಯಲು ದೊಡ್ಡ ಕೋರ್, ಸಂದೇಶ ಬಂದಿದೆಯೇ ಎಂದು ಇಣುಕಿ ನೋಡಲು ಚಿಕ್ಕ ಕೋರ್. ಈ ಕೋರ್‌ಗಳ ಪಕ್ಕದಲ್ಲಿ ಒಂದೊಂದೇ ಕೆಲಸ ಬಲ್ಲ ಕುಶಲಕರ್ಮಿಗಳೂ ಕುಳಿತಿರುತ್ತಾರೆ. ವಿಡಿಯೊ ಬಿಡಿಸಲು ಒಂದು ಘಟಕ, ಫೋಟೊ ತಿದ್ದಲು ಇನ್ನೊಂದು, ನೆಟ್‌ವರ್ಕ್‌ಗೆ ಮೋಡೆಮ್. 2017ರಲ್ಲಿ ಚೀನಾದ ಹುವಾವೇ ಮತ್ತು ಆಪಲ್ ಎರಡೂ ಕೃತಕ ಬುದ್ಧಿಮತ್ತೆಗೆಂದೇ ಪ್ರತ್ಯೇಕ ಘಟಕ ಕೂರಿಸಿದವು. ಈಗಿನ ಹೆಚ್ಚಿನ ಫೋನುಗಳಲ್ಲಿ ಕ್ಯಾಮೆರಾ ತೆರೆದು ಗುಂಡಿ ಒತ್ತುವಷ್ಟರಲ್ಲಿ ಹಲವು ಚಿತ್ರಗಳು ದಾಖಲಾಗಿರುತ್ತವೆ. ಅವುಗಳ ಕತ್ತಲು ಬೆಳಕು ಹೊಂದಿಸಿ, ಒಂದರ ಮೇಲೊಂದು ಪೇರಿಸಿ, ಒಂದು ಚಿತ್ರ ನಮ್ಮ ಕೈಗೆ ಬರುತ್ತದೆ. ಮಸೂರದಷ್ಟೇ ಪಾಲು ಪ್ರೊಸೆಸರಿನದೂ ಇದೆ.

2023ರ ಐಫೋನ್ 15 ಪ್ರೊ ಚಿಪ್‌ನಲ್ಲಿ 1,900 ಕೋಟಿ ಟ್ರಾನ್ಸಿಸ್ಟರುಗಳು. ಮೊದಲ ಆರ್ಮ್‌ನ ಏಳೂವರೆ ಲಕ್ಷ ಪಟ್ಟಿಗಿಂತ ಹೆಚ್ಚು. ಇಷ್ಟು ಸೂಕ್ಷ್ಮವಾಗಿ ಅಚ್ಚು ಹಾಕಬಲ್ಲ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಮುಂಚೂಣಿಯಲ್ಲಿರುವುದು ತೈವಾನಿನ ಟಿಎಸ್‌ಎಂಸಿ. ಆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಹುವಾವೇ ಅನುಭವಿಸಿತು. ಅಮೆರಿಕದ ನಿರ್ಬಂಧದಿಂದಾಗಿ 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ಟಿಎಸ್‌ಎಂಸಿ ಚಿಪ್ ಪೂರೈಕೆ ನಿಂತಿತು. ವಿನ್ಯಾಸ ಕೈಯಲ್ಲಿತ್ತು, ಮಾಡಿಕೊಡುವವರಿರಲಿಲ್ಲ. ಜಗತ್ತಿನ ಅತಿ ದೊಡ್ಡ ಫೋನ್ ತಯಾರಕರ ಸಾಲಿನಲ್ಲಿದ್ದ ಕಂಪನಿ ಮರುವರ್ಷವೇ ಮೊದಲ ಐದರ ಪಟ್ಟಿಯಿಂದ ಹೊರಬಿತ್ತು.

ಅದೇ 2020ರ ನವೆಂಬರಿನಲ್ಲಿ ಆಪಲ್ ತನ್ನ ಲ್ಯಾಪ್‌ಟಾಪುಗಳಿಂದ ಇಂಟೆಲ್ ಚಿಪ್‌ಗಳನ್ನು ಕೈಬಿಡಲು ಶುರುಮಾಡಿತು. ಬದಲಿಗೆ ಬಂದ ಎಂ1, ಐಫೋನ್ ಚಿಪ್‌ನ ಒಡಹುಟ್ಟು. ಮೇಜಿನ ಕಂಪ್ಯೂಟರಿಗೆಂದು ಹುಟ್ಟಿ ಜೇಬು ಸೇರಿದ್ದ ಆರ್ಮ್, ಮೂವತ್ತೈದು ವರ್ಷ ಊರೂರು ಸುತ್ತಿ ಮತ್ತೆ ಕಂಪ್ಯೂಟರಿಗೆ ಬಂದಿತ್ತು. ಹೊಸ ಮ್ಯಾಕ್‌ಬುಕ್ ಏರ್ ಬಿಚ್ಚಿ ನೋಡಿದವರಿಗೆ ಅದರೊಳಗೆ ಫ್ಯಾನ್ ಕಾಣಲಿಲ್ಲ.