ಕರಪತ್ರದಲ್ಲಿ ಪ್ರೆಸ್ಸಿನ ಹೆಸರಿದೆ, ಫೋನಿನಲ್ಲಿ?

ತುಮಕೂರಿನ ನನ್ನ ರೂಮಿನ ಗೂಡಿನಲ್ಲಿ ಪುಸ್ತಕಗಳ ಕೆಳಗೆ ಹಾಸಿರುವುದು ಒಂದು ಹಳೇ ಚುನಾವಣಾ ಕರಪತ್ರ. ಮೊನ್ನೆ ಧೂಳು ಒರೆಸುವಾಗ ಅದರ ಅಂಚಿನಲ್ಲಿದ್ದ ಇರುವೆ ಸಾಲಿನಂಥ ಅಕ್ಷರ ಕಣ್ಣಿಗೆ ಬಿತ್ತು. ಪ್ರೆಸ್ಸಿನ ಹೆಸರು, ವಿಳಾಸ; ಹಾಕಿಸಿದವರ ಹೆಸರು, ವಿಳಾಸ. ಪರೀಕ್ಷೆಗೆ ಎಷ್ಟು ಸಲ ಓದಿದರೂ ತಲೆಗೆ ಹತ್ತದ ಸೆಕ್ಷನ್ 127ಎ ಆಗ ಹತ್ತಿತು.

1951ರ ಜನಪ್ರತಿನಿಧಿ ಕಾಯ್ದೆಯ ಈ ಸೆಕ್ಷನ್ ಪ್ರಕಾರ ಈ ಎರಡು ಹೆಸರಿಲ್ಲದೆ ಚುನಾವಣೆಯ ಕರಪತ್ರ, ಪೋಸ್ಟರ್ ಅಚ್ಚು ಹಾಕುವಂತಿಲ್ಲ. ಅಚ್ಚಾದ ಮೇಲೆ ಒಂದು ಪ್ರತಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ (ರಾಜ್ಯದ ರಾಜಧಾನಿಯಲ್ಲಿ ಅಚ್ಚಾದರೆ ಮುಖ್ಯ ಚುನಾವಣಾಧಿಕಾರಿಗೆ) ಹೋಗಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈಗ ಫೋನಿಗೆ ಬನ್ನಿ. ನಮ್ಮೂರ ವಾಟ್ಸಾಪ್ ಗುಂಪಿಗೆ ಬಣ್ಣಬಣ್ಣದ ಪೋಸ್ಟರ್ ಬರುತ್ತದೆ. ಮೇಲೆ ಎರಡು ಬಾಣದ ಗುರುತು, ಅಂದರೆ ಬಹಳ ಕೈ ದಾಟಿ ಬಂದದ್ದು. ಯಾರು ಮಾಡಿದ್ದು ಅಂತ ದೊಡ್ಡಪ್ಪನನ್ನು ಕೇಳಿದರೆ, "ಗೊತ್ತಿಲ್ಲ ಕಣೋ, ಬಂತು, ಕಳಿಸ್ದೆ." ಇಂಥ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಕಳಿಸಬಹುದು ಅನ್ನುವ ಮಿತಿಯನ್ನು ವಾಟ್ಸಾಪ್ 2020ರಲ್ಲಿ ತಂದಿತು. ಓಟ ನಿಧಾನವಾಯಿತು, ಹೆಸರೇನೂ ಬರಲಿಲ್ಲ.

ಹಾಗಂತ ಇಂಟರ್‌ನೆಟ್‌ಗೆ ನಿಯಮವೇ ಇಲ್ಲ ಅಂತ ಉತ್ತರ ಬರೆದುಬಿಡಬೇಡಿ. ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲೇ ಸೂಚನೆ ಕೊಟ್ಟಿದೆ. ಅಭ್ಯರ್ಥಿ ತನ್ನ ಸೋಷಿಯಲ್ ಮೀಡಿಯಾ ಖಾತೆಗಳನ್ನು ನಾಮಪತ್ರದ ಜತೆ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ತೋರಿಸಬೇಕು. ದುಡ್ಡು ಕೊಟ್ಟು ಹಾಕಿಸುವ ಜಾಹೀರಾತಿಗೆ ಮೊದಲೇ ಎಂಸಿಎಂಸಿ, ಅಂದರೆ ಚುನಾವಣಾ ಜಾಹೀರಾತು ಪರಿಶೀಲಿಸುವ ಸಮಿತಿಯ ಒಪ್ಪಿಗೆ ಬೇಕು. ಖಾತೆ ನೋಡಿಕೊಳ್ಳುವ ಹುಡುಗರ ಸಂಬಳವೂ ಚುನಾವಣಾ ಖರ್ಚಿನ ಲೆಕ್ಕಕ್ಕೇ. ಆದರೆ ಸ್ವಂತ ಖಾತೆಯಲ್ಲಿ ಸುಮ್ನೆ ಹಾಕಿದ ಫೋಟೋ, ವಿಡಿಯೋ ಜಾಹೀರಾತಲ್ಲ, ಅದಕ್ಕೆ ಒಪ್ಪಿಗೆ ಬೇಕಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಇನ್ನು ಸೆಕ್ಷನ್ 126. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರ ಬಂದ್. 2024ರ ಲೋಕಸಭೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಏಪ್ರಿಲ್ 26ಕ್ಕೆ ಮತದಾನ. 24ರ ಸಂಜೆ 6ಕ್ಕೆ ಮೈಕು ನಿಂತಿತು. ಫೋನು ನಿಲ್ಲಲಿಲ್ಲ ಅಲ್ವಾ? ಕಾಯ್ದೆಯಲ್ಲಿರುವ ಮಾತು ಸಿನಿಮಾ, ಟಿವಿ ಮತ್ತು "ಅಂಥದೇ ಸಾಧನ"; ಫೋನಿನ ಹೆಸರಿಲ್ಲ. 2019ರಲ್ಲಿ ಸೋಷಿಯಲ್ ಮೀಡಿಯಾ ಕಂಪನಿಗಳು ತಾವಾಗಿ ಒಪ್ಪಿದ ಸಂಹಿತೆ ಪ್ರಕಾರ, ಈ ಅವಧಿಯ ಉಲ್ಲಂಘನೆ ಬಗ್ಗೆ ಆಯೋಗ ತಿಳಿಸಿದ ಮೇಲೆ 3 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು.

ಇನ್ನೊಂದು 3 ಗಂಟೆಯೂ ಇದೆ, ಗೊಂದಲ ಬೇಡ. ಡೀಪ್‌ಫೇಕ್‌ನಂಥ ನಕಲಿ ವಿಡಿಯೋ ಗಮನಕ್ಕೆ ಬಂದ 3 ಗಂಟೆಯಲ್ಲಿ ತೆಗೆಯಬೇಕೆಂದು ಆಯೋಗ ಪಕ್ಷಗಳಿಗೆ ಹೇಳಿದ್ದು 2024ರ ಮೇ 6ರಂದು. ನಾವು ಓಟು ಹಾಕಿ ಆಗಲೇ ಹತ್ತು ದಿನ!

ದೂರಿಗೆ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ, 100 ನಿಮಿಷದಲ್ಲಿ ಕ್ರಮ ಎನ್ನುವುದು ಅದರ ಲೆಕ್ಕ. ಆದರೆ ಅದರಲ್ಲಿ ಸ್ಥಳದಲ್ಲೇ ನಿಂತು ಫೋಟೋ ತೆಗೆಯಬೇಕು, ಗ್ಯಾಲರಿಯಲ್ಲಿರುವುದನ್ನು ಹಾಕಲು ಬಿಡುವುದಿಲ್ಲ. ಬಿ.ಎಚ್. ರಸ್ತೆಯ ಕಂಬಕ್ಕೆ ಕಟ್ಟಿದ ಬ್ಯಾನರ್ ಆದರೆ ಸರಿ. ದೊಡ್ಡಪ್ಪ ಕಳಿಸಿದ ಪೋಸ್ಟರ್ ಇರುವುದು ಆ ಗ್ಯಾಲರಿಯಲ್ಲೇ.